ಲ್ಯಾಪ್‌ಟಾಪಿನ ಗುಂಯ್

ನನ್ನ ಲ್ಯಾಪ್‌ಟಾಪಿಗೆ ಒಂದು ಚಟವಿದೆ. ಚಾರ್ಜರ್ ಸಿಕ್ಕಿಸಿ ಮೈಕ್ ಜೋಡಿಸಿ ಕಥೆ ಓದತೊಡಗಿದರೆ ಸಾಕು, ನನ್ನ ದನಿಯ ಬೆನ್ನಿಗೇ ಗುಂಯ್ ಎಂದು ತಾನೂ ರೆಕಾರ್ಡ್ ಆಗುತ್ತದೆ. ಚಾರ್ಜರ್ ಕಿತ್ತರೆ ಸುಮ್ಮನಾಗುತ್ತದೆ, ನಿಜ. ಆದರೆ ಬ್ಯಾಟರಿ ಮುದಿಯಾಗಿದೆ. ಕಥಾನಾಯಕ ಊರು ಬಿಡುವ ಮೊದಲೇ ಪರದೆ ಕಪ್ಪಾಗುತ್ತದೆ. ಅದರ ಲೋಹದ ಮೈಮೇಲೆ ಅಂಗೈ ಊರಿದರೂ ಸದ್ದು ತಗ್ಗುತ್ತದೆ. ಹಾಗಾಗಿ ಬಹಳ ದಿನ ಒಂದು ಕೈ ಅದರ ಮೇಲಿಟ್ಟು, ಇನ್ನೊಂದರಲ್ಲಿ ಪುಸ್ತಕ ಹಿಡಿದು, ಕೋರ್ಟಿನಲ್ಲಿ ಪ್ರಮಾಣ ಮಾಡುವ ಸಾಕ್ಷಿಯಂತೆ ಕೂತು ಓದಿದೆ. ಮುಟ್ಟಿದರೆ ಸಮಾಧಾನಗೊಳ್ಳುವ ಜೀವ ಈ ಮನೆಯಲ್ಲಿ ಅದೊಂದೇ. ಕೆಲವೊಮ್ಮೆ ಓದು ಮುಗಿದ ಮೇಲೂ ಕೈ ತೆಗೆಯುತ್ತಿರಲಿಲ್ಲ.

ಓದುವುದು ಬೀಳಗಿಯಲ್ಲಿರುವ ಅಕ್ಕನಿಗಾಗಿ. ಅವಳ ಕಣ್ಣು ಮಂಜಾಗಿದೆ. ಬನಹಟ್ಟಿಯ ಈ ಮನೆಯಲ್ಲಿ, ಹೆಂಡತಿ ತೀರಿಹೋದ ಮೇಲೆ, ನಾನೊಬ್ಬನೇ. ಅಕ್ಕನಿಗೆ ಕಥೆ ಬೇಕು, ನನಗೆ ಕೇಳುವ ಕಿವಿ ಬೇಕು. ದಿನಾ ಮಧ್ಯಾಹ್ನ ಒಂದು ಕಥೆ ಓದಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ.

ಸಂಗೀತದವರು ಬೇಕೆಂದೇ ಬೆನ್ನ ಹಿಂದೆ ತಂಬೂರಿ ಮೀಟಿಸಿಕೊಳ್ಳುತ್ತಾರೆ. ನನಗೆ ಪುಕ್ಕಟೆ ಸಿಕ್ಕಿದ್ದು ಬೇಡವಾಯಿತು. ಜಮಖಂಡಿಗೆ ಹೋಗಿ ಹೊರಗಿನಿಂದ ಸಿಕ್ಕಿಸುವ ಸೌಂಡ್ ಕಾರ್ಡ್ ತಂದೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಅದಕ್ಕೊಂದು ವೈರು, ವೈರಿಗೆ ಮೈಕು, ಮೈಕಿಗೆ ಸ್ಟ್ಯಾಂಡು. ಮೂಗಿಗಿಂತ ಮೂಗುತಿ ಭಾರ. ಆದರೆ ಗುಂಯ್ ಮಾಯವಾಯಿತು. ನನ್ನ ದನಿ ತೊಳೆದ ತಟ್ಟೆಯಂತಿತ್ತು. ಶಭಾಸ್‌ಗಿರಿ ಬರುತ್ತದೆಂದು ಕಾದೆ.

ಅಕ್ಕನ ಫೋನು ಬಂತು. "ಯಾರ ತೀರಕೊಂಡ್ರೋ? ಓಣ್ಯಾಗ ಹೆಣಾ ಇಟಗೊಂಡ ಕತಿ ಓದಾಕತ್ತೀಯೇನು? ನಾಚಿಕಿ ಬರೂದಿಲ್ಲ ನಿನಗ?"

ನಮ್ಮದು ನೇಕಾರರ ಓಣಿ. ಯಾರಾದರೂ ಸತ್ತರೆ ಹೆಣ ಎತ್ತುವವರೆಗೆ ಮಗ್ಗ ನಡೆಸುವುದಿಲ್ಲ. ಮಗ್ಗದ ನಡುವೆ ಬೆಳೆದವರು ಸದ್ದಿಗೆ ನಿದ್ದೆ ಮಾಡಿ, ಸದ್ದು ನಿಂತರೆ ಎದ್ದು ಕೂರುವವರು. ಅಕ್ಕ ಇಷ್ಟು ದಿನ ಲ್ಯಾಪ್‌ಟಾಪಿನ ಗುಂಯ್ಯನ್ನು ಗೋಡೆಯಾಚೆಯ ಮಗ್ಗದ ಸದ್ದೆಂದುಕೊಂಡಿದ್ದಳು.

"ಯಾರೂ ಸತ್ತಿಲ್ಲಕ್ಕಾ. ಅದು ಈ ಮಷೀನಿನ ಸಪ್ಪಳ. ಓಣ್ಯಾಗಿನ ಮಗ್ಗ ಎಲ್ಲಾ ಊರ ಹೊರಗಿನ ಶೆಡ್ಡಿಗೆ ಹೋಗ್ಯಾವ," ಎಂದು ನಕ್ಕೆ.

ಅವಳು ನಗಲಿಲ್ಲ. ಕೇಳಿದಳು, "ಹಂಗಾರ ನೀ ಇಡೀ ದಿನಾ ಯಾರ ಸಪ್ಪಳಾ ಕೇಳ್ಕೋಂತ ಇರ್ತೀಯೋ ತಮ್ಮಾ?"

ಊರವರಿಗೆಲ್ಲ ಉಪದೇಶ ಮಾಡುವ ನಾನು, ಕುಕ್ಕರ್ ಸೀಟಿ ಹೊಡೆಯಿತೆಂದು ಸುಳ್ಳು ಹೇಳಿ ಫೋನಿಟ್ಟೆ.

ಮರುದಿನ ಡಬ್ಬಿಯನ್ನು ಕಿತ್ತು ಬದಿಗಿಟ್ಟು, ಮೈಕನ್ನು ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿದೆ. ಚಾರ್ಜರನ್ನೂ ಹಾಕಿದೆ. ಗುಂಯ್ ಶುರುವಾಯಿತು. ಹಳೆಯ ರೂಢಿಯಿಂದ ಅಂಗೈ ಅದರತ್ತ ಹೋಯಿತು. ಹಿಂದಕ್ಕೆಳೆದುಕೊಂಡು ಕಥೆ ಓದತೊಡಗಿದೆ. ಸುಳ್ಳೆಂದು ಗೊತ್ತಿದ್ದರೂ, ಓಣಿಯ ಮಗ್ಗಗಳು ಇನ್ನೂ ನಡೆದಿವೆಯೆಂದು ಅಕ್ಕನಿಗೆ ಅನಿಸಲಿ. ನನಗೂ ಅನಿಸಲಿ.