ಶರಣಪ್ಪ ಮಾಸ್ತರರು ಮತ್ತು ಗೈರುಹಾಜರಾದ ಎರಡು ಇಲಿಗಳು

ಶರಣಪ್ಪ ಮಾಸ್ತರರ ಬೆರಳು ನಿಂತರೆ ಇಡೀ ಕೋಣೆಯೇ ನಿಲ್ಲುತ್ತಿತ್ತು. ಗಂಗಾವತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಅಕ್ಕಿ ಗಿರಣಿಯ ತೌಡಿನ ಧೂಳು ಕಿಟಕಿಯಿಂದ ಒಳಗೆ ಬೀಳುವ ಉದ್ದನೆಯ ಕೋಣೆಯಲ್ಲಿ ಅವರ ಟೈಪಿಂಗ್ ಕ್ಲಾಸು. ಎಂಟು ಹಳೆಯ ಮಷೀನುಗಳ ಮುಂದೆ ಕಲಿಯುವವರು, ಮೂಲೆಯ ಒಂಬತ್ತನೆಯದರ ಮುಂದೆ ಮಾಸ್ತರರು. ತಗಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು. ಹಾಳೆಯಲ್ಲಿ ತಪ್ಪೇನಾದರೂ ಕಂಡರೆ ಮಾಸ್ತರರ ಕೈ ನಿಲ್ಲುತ್ತಿತ್ತು. ಅದು ನಿಂತದ್ದು ಕೇಳಿ ಉಳಿದ ಎಂಟೂ ತಾವಾಗಿಯೇ ನಿಲ್ಲುತ್ತಿದ್ದವು. ಆಗ ಅವರು ತಲೆ ಎತ್ತದೆ, "ಇಲ್ಲೊಂದು ತಕರಾರು ಐತ್ರಿ" ಎನ್ನುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ತಕರಾರು ಬಹುಪಾಲು ನನ್ನ ಕಾಗದದ್ದೇ.

ನಾನಾಗ ಊರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕ. ರಜೆ ಹಾಕಿ ದೂರದ ನಗರದ ಸಂಶೋಧನಾಲಯವೊಂದರಲ್ಲಿ ಇಲಿಗಳ ಮೆದುಳಿನ ಗಡ್ಡೆಗಳ ಮೇಲೆ ಕೆಲಸ ಮಾಡಿ, ಪ್ರಬಂಧ ಬರೆಯಲು ಊರಿಗೆ ಮರಳಿದ್ದೆ. ಮೆದುಳಿನ ಗಡ್ಡೆ ಸುಮ್ಮನೆ ಒಂದೆಡೆ ಕೂತು ಬೆಳೆಯುವುದಿಲ್ಲ. ಒಂದು ಬಗೆಯ ಪ್ರೋಟೀನನ್ನು ಹೊರಬಿಟ್ಟು, ಸುತ್ತಲಿನ ಅಂಗಾಂಶವನ್ನು ಕರಗಿಸಿ, ದಾರಿ ಮಾಡಿಕೊಂಡು ಹರಡುತ್ತದೆ. ಆ ಕರಗಿಸುವ ಪ್ರೋಟೀನಿಗೆ ಅಡ್ಡ ನಿಲ್ಲುವ ಇನ್ನೊಂದು ಪ್ರೋಟೀನ್ ಇದೆ. ಅದನ್ನು ಕೊಟ್ಟರೆ ಗಡ್ಡೆ ಇದ್ದಲ್ಲೇ ನಿಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆ. ನಿಲ್ಲುತ್ತದೆ ಎಂಬುದು ನನ್ನ ಉತ್ತರ. ಉತ್ತರದ ಮೇಲೆ ನನಗೆಷ್ಟು ಭರವಸೆಯೆಂದರೆ, ಮೊದಲ ಅಧ್ಯಾಯ ಮುಗಿಯುವ ಮೊದಲೇ ಹೆಸರಿನ ಮುಂದೆ 'ಡಾ.' ಎಂದು ಬರೆಸಿದ ಬೋರ್ಡನ್ನು ಬಾಗಿಲಿಗೆ ಹೊಡೆಸಿದ್ದೆ. ಅದನ್ನು ನೋಡಿ ಕನಕಗಿರಿ ಕಡೆಯ ಹೆಣ್ಣುಮಗಳೊಬ್ಬಳು ಬೆನ್ನಿನ ಕುರು ತೋರಿಸಲು ಬಂದು ನಮ್ಮ ಕಟ್ಟೆಯ ಮೇಲೆ ಒಂದು ತಾಸು ಕೂತಿದ್ದಳು. ನಾನು ಇಲಿಗಳ ಡಾಕ್ಟರು, ಅದೂ ಇನ್ನೂ ಆಗಿಲ್ಲ ಎನ್ನಲು ನಾಚಿಕೆಯಾಗಿ, "ಇವತ್ತು ಸೂಟಿ ಐತವ್ವ" ಎಂದು ಕಳಿಸಿಬಿಟ್ಟೆ.

ಮಾಸ್ತರರು ಯಲಬುರ್ಗಾ ತಾಲೂಕಿನ ಒಕ್ಕಲುತನದ ಮನೆಯವರು. ಕುಷ್ಟಗಿಯ ಕೋರ್ಟಿನಲ್ಲಿ ಹದಿನೈದು ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ, ನಡುವೆಯೇ ನೌಕರಿ ಬಿಟ್ಟು ಗಂಗಾವತಿಗೆ ಬಂದಿದ್ದರು. ಯಾಕೆ ಬಿಟ್ಟರೆಂದು ನಾನು ಕೇಳಿರಲಿಲ್ಲ. ನನಗೆ ನನ್ನ ವಿಷಯ ಬಿಟ್ಟು ಬೇರೆಯವರದನ್ನು ಕೇಳುವ ರೂಢಿಯೇ ಇರಲಿಲ್ಲ. ಕತ್ತಿನ ಗುಂಡಿಯವರೆಗೂ ಹಾಕಿದ ಬಿಳಿ ಅಂಗಿ, ಕಾರ್ಬನ್ನಿನಿಂದ ಕಪ್ಪಾದ ಬೆರಳು. ತಿಳಿಯದ ಮಾತನ್ನು ಅವರು ಟೈಪ್ ಮಾಡುತ್ತಿರಲಿಲ್ಲ. "ತಿಳೀದ್ದನ್ನ ಹೊಡದ್ರ ಬೆರಳು ಹಾದಿ ತಪ್ಪತಾವ್ರಿ ಸರ" ಎನ್ನುತ್ತಿದ್ದರು. ಹೀಗಾಗಿ ಒಂದು ಮಧ್ಯಾಹ್ನ ಪೂರ್ತಿ ಅವರಿಗೆ ನನ್ನ ಎರಡು ಪ್ರೋಟೀನುಗಳ ಕತೆಯನ್ನು ಚಿತ್ರ ಬರೆದು ವಿವರಿಸಿದೆ. ಎಲ್ಲ ಕೇಳಿ ಅವರು, "ಅಂದ್ರ ಬದು ಒಡಿಯೋದೊಂದು, ಬದು ಕಟ್ಟೋದೊಂದು" ಎಂದರು. ನಾನು ದೊಡ್ಡಸ್ತಿಕೆಯಿಂದ ನಕ್ಕೆ. ಮರುವಾರ ಕಾಲೇಜಿನಲ್ಲಿ ಅದೇ ಮಾತನ್ನು ನನ್ನದೆಂದು ಹೇಳಿ ವಿದ್ಯಾರ್ಥಿಗಳಿಂದ ಭೇಷ್ ಎನ್ನಿಸಿಕೊಂಡೆ.

ಮಾಸ್ತರರಿಗೆ ದಿನವೂ ಬುತ್ತಿ ತರುತ್ತಿದ್ದವಳು ಅವರ ತಂಗಿ ಗೌರವ್ವ. ಗಂಡ ತೀರಿಕೊಂಡ ಮೇಲೆ ಅಣ್ಣನ ಜೊತೆಗೇ ಇದ್ದಳು. ತಲೆಯ ಮೇಲಿನ ಸೆರಗು ಎಂದೂ ಜಾರಿದ್ದಿಲ್ಲ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು; ಗೋಡೆಗೆ ಕೈ ಹಚ್ಚಿಕೊಂಡು ಬರುತ್ತಿದ್ದಳು. ಒಂದು ದಿನ ನಾನೇ ಮುಂದಾಗಿ, "ಗೌರವ್ವಾರ, ಮೊಣಕಾಲಿಗೆ ಔಡಲೆಣ್ಣಿ ತಿಕ್ಕೊಳ್ರಿ, ಛಲೋ ಆಗತೈತಿ" ಎಂದೆ. "ಹೂಂನ್ರಿ ಸರ" ಎಂದು ನಕ್ಕಳು. ಮಾಸ್ತರರ ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯಿತು.

ಪ್ರಬಂಧದ ಕೊನೆಯ ಕರಡು ಕೊಟ್ಟ ದಿನ ಅವರ ಕೈ ಪೂರ್ತಿ ನಿಂತಿತು.

"ಸರ, ಎರಡು ಇಲಿ ಗೈರುಹಾಜರ್ ಅದಾವಲ್ರಿ."

ಎಂಟೂ ಮಷೀನು ಸುಮ್ಮನಾದವು.

"ಹಳೇ ಕರಡಿನ್ಯಾಗ ಇಪ್ಪತ್ತಿದ್ವು. ಇದರಾಗ ಹದಿನೆಂಟ ಅದಾವ."

"ಅವೆರಡು ಬ್ಯಾಡ ಮಾಸ್ತರ. ಸರಿ ಬರಲಿಲ್ಲ."

"ಸತ್ತುವೇನ್ರಿ?"

"ಎಲ್ಲಾನೂ ಸತ್ತಾವ. ಕೊಯ್ದ ಮ್ಯಾಲೇ ಅಲ್ಲೇನು ನೋಡೋದು?"

"ಮತ್ತ ಇವೆರಡು ಏನು ತಪ್ಪು ಮಾಡಿದ್ವು?"

"ಪ್ರೋಟೀನ್ ಕೊಟ್ಟರೂ ಇವಕ್ಕ ಗಡ್ಡಿ ನಿಲ್ಲಲಿಲ್ಲ. ಹೆಚ್ಚಾತು."

ಮಾಸ್ತರರು ಕನ್ನಡಕ ತೆಗೆದರು. "ಹೆಚ್ಚಾಗಿದ್ರ ಅದನ್ನ ಜರೂರ ಬರೀಬೇಕಲ್ರಿ."

ಅವೆರಡು ಮೊದಲಿಂದಲೇ ಜಡ್ಡಾಗಿದ್ದವೇನೋ, ಸೂಜಿ ತಪ್ಪಿತ್ತೇನೋ ಎಂದು ಏನೇನೋ ಹೇಳಿದೆ. ಇವೆಲ್ಲ ನನಗೆ ನಾನೇ ಹೇಳಿಕೊಂಡು ಒಪ್ಪಿಸಿದ್ದ ಮಾತುಗಳು. ಅವರು ಒಪ್ಪಲಿಲ್ಲ. ಕೊನೆಗೆ, "ಇದು ಸೈನ್ಸ್ ಮಾಸ್ತರ, ನಿಮಗ ತಿಳಿಯಂಗಿಲ್ಲ" ಎಂದುಬಿಟ್ಟೆ.

ಅವರು ಹಾಳೆಯನ್ನು ಮಷೀನಿನಿಂದ ಮೆಲ್ಲಗೆ ಬಿಡಿಸಿ, ಮೂರು ಕಾರ್ಬನ್ ಬೇರೆ ಮಾಡಿ, ನನ್ನ ಕೈಗಿಟ್ಟರು. "ಖರೇ, ಸೈನ್ಸ್ ತಿಳಿಯಂಗಿಲ್ರಿ. ಆದ್ರ ಸಾಕ್ಷಿ ಹೇಳಿದ ಮಾತು ಫಿರ್ಯಾದಿಗೆ ಅನುಕೂಲ ಇಲ್ಲಂತ ನಾ ಎಂದೂ ಬಿಟ್ಟು ಹೊಡದಿಲ್ಲ. ಬ್ಯಾರೆ ಕಡೆ ಮಾಡಸ್ರಿ."

ಸಿಟ್ಟಿನಿಂದ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದೆ. ಅಲ್ಲಿನ ಟೈಪಿಸ್ಟ್ ಒಂದೂ ಪ್ರಶ್ನೆ ಕೇಳಲಿಲ್ಲ. ಎಂಥ ಸಭ್ಯ ಮನುಷ್ಯ ಎಂದುಕೊಂಡೆ. ವಾರ ಬಿಟ್ಟು ಹಾಳೆಗಳನ್ನು ತಂದು ಓದಿದರೆ, 'ಟ್ಯೂಮರ್' ಇರಬೇಕಾದ ಕಡೆಯಲ್ಲೆಲ್ಲ ಇಂಗ್ಲಿಷಿನ ಟಿ ಬದಲು ಪಕ್ಕದ ಆರ್ ಬಿದ್ದು 'ರೂಮರ್' ಆಗಿತ್ತು. ಮೆದುಳಿನಲ್ಲಿ ವದಂತಿ ಹೇಗೆ ಹುಟ್ಟುತ್ತದೆ, ಹೇಗೆ ಹರಡುತ್ತದೆ, ಯಾವ ಪ್ರೋಟೀನ್ ಕೊಟ್ಟರೆ ನಿಲ್ಲುತ್ತದೆ ಎಂದು ನಾನು ನೂರಾರು ಪುಟ ಬರೆದಂತಾಗಿತ್ತು.

ಆ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಶರಣಪ್ಪ ಮಾಸ್ತರರ ಬಾಗಿಲಿಗೆ ಬಂದೆ. ಇಲಿಗಳ ವಿಷಯದಲ್ಲಿ ಮಾತ್ರ ಸೋಲಬಾರದೆಂದು ದಾರಿಯುದ್ದಕ್ಕೂ ವಾದ ಹೊಸೆದುಕೊಂಡಿದ್ದೆ. ಮಾಸ್ತರರು ಪೋಸ್ಟಿಗೆ ಹೋಗಿದ್ದರು. ಗೌರವ್ವ ಬುತ್ತಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಬರ್ರಿ ಸರ. ಅಣ್ಣ ನಿಮ್ಮ ಪುಸ್ತಕ ದಿನಾ ನನಗ ಕನ್ನಡದಾಗ ಓದಿ ಹೇಳತಿದ್ದ."

"ನಿಮಗ್ಯಾಕ ಗೌರವ್ವಾರ ಆ ಇಲಿಗಳ ಗೋಳು?" ಎಂದು ನಕ್ಕೆ.

ಅವಳು ಸೆರಗನ್ನು ಹಿಂದೆ ಸರಿಸಿದಳು. ಮೋಟು ಕೂದಲ ನಡುವೆ ಕಿವಿಯ ಮೇಲಿಂದ ನೆತ್ತಿಯವರೆಗೆ ಹೊಲಿಗೆಯ ಗುರುತು.

"ಎರಡು ವರ್ಷ ಆತ್ರಿ ಗಡ್ಡಿ ತೆಗದು. ಪೂರಾ ಬರಲಿಲ್ಲಂತ. ನನ್ನ ದವಾಖಾನಿ ಸಲುವಾಗಿನ ಅಣ್ಣ ನೌಕರಿ ಬಿಟ್ಟ."

ಮೆದುಳಿನ ಗಡ್ಡೆಯ ಮೇಲೆ ಪ್ರಬಂಧ ಬರೆದವನು, ಅದನ್ನೇ ಹೊತ್ತುಕೊಂಡು ದಿನವೂ ಎದುರಿಗೆ ನಡೆದುಹೋಗುತ್ತಿದ್ದವಳಿಗೆ ಔಡಲೆಣ್ಣೆ ಹೇಳಿದ್ದೆ.

"ಆ ಎರಡಕ್ಕ ಹೆಚ್ಚಾತಂತಲ್ರಿ ಸರ," ಎಂದಳು. "ಯಾಕಂತ?"

ಕಂಕುಳಿನ ಕಟ್ಟನ್ನು ಕಟ್ಟೆಯ ಮೇಲಿಟ್ಟೆ. "ಗೊತ್ತಿಲ್ಲವ್ವ" ಎಂದೆ.

"ಹಂಗಾರ ಗೊತ್ತಿಲ್ಲಂತನ ಬರೀರಿ. ಮುಂದ ಯಾರರ ನೋಡ್ತಾರ."

ಬರೆದೆ. ಸಂಶೋಧನಾಲಯಕ್ಕೆ ಹೋಗಿ ಅವೆರಡರ ಗಾಜಿನ ಪಟ್ಟಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಮತ್ತೆ ನೋಡಿದೆ. ಜಡ್ಡೂ ಇರಲಿಲ್ಲ, ಸೂಜಿಯೂ ತಪ್ಪಿರಲಿಲ್ಲ. 'ನಿಲ್ಲುತ್ತದೆ' ಎಂದಿದ್ದ ನನ್ನ ಗಟ್ಟಿ ಉತ್ತರ, 'ಹಲವು ಸಲ ನಿಲ್ಲುತ್ತದೆ, ಕೆಲವು ಸಲ ಹೆಚ್ಚಾಗುತ್ತದೆ, ಯಾಕೆಂದು ತಿಳಿಯದು' ಎಂದಾಯಿತು. ಮಾರ್ಗದರ್ಶಕರು ಮುಖ ಸಿಂಡರಿಸಿದರು. ಒಂದು ವರ್ಷ ತಡವಾಗಿ ಪದವಿ ಬಂತು. ಮಾಸ್ತರರು ಇಪ್ಪತ್ತೂ ಇಲಿಗಳನ್ನು ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟರು. ಹಳೆಯ ಜಗಳದ ಮಾತೆತ್ತಲೇ ಇಲ್ಲ.

ಪದವಿ ಬಂದ ವರ್ಷವೇ ಗೌರವ್ವನ ಗಡ್ಡೆ ಮತ್ತೆ ಬೆಳೆಯಿತು. ಮೊದಲು ಮಾತು ಹೋಯಿತು, ಆಮೇಲೆ ಅವಳೂ ಹೋದಳು. ಮಣ್ಣು ಮಾಡಿದ ಮೂರನೆಯ ದಿನವೇ ಮಾಸ್ತರರು ಕ್ಲಾಸು ತೆರೆದರು. ನಾನು ಹೋಗಿ ಎದುರಿಗೆ ನಿಂತೆ. ಇಂಥ ಹೊತ್ತಿಗೆ ಏನನ್ನಬೇಕೆಂದು ಯಾವ ಸಂಶೋಧನಾಲಯದಲ್ಲೂ ಕಲಿತಿರಲಿಲ್ಲ. ಖಾಲಿಯಿದ್ದ ಮಷೀನಿನ ಮುಂದೆ ಕೂತು, "ಮಾಸ್ತರ, ನನಗೂ ಕಲಸ್ರಿ" ಎಂದೆ.

"ಈ ವಯಸ್ಸಿಗೆ ಬೆರಳು ಬಗ್ಗಂಗಿಲ್ರಿ ಸರ."

"ನೀವು ಬಗ್ಗಸ್ರಿ."

ಅವರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಅಕ್ಷರಗಳ ಮೇಲೆ ಇಟ್ಟರು. ಕಿರುಬೆರಳು ಜಾರಿದಾಗಲೆಲ್ಲ ಮತ್ತೆ ಅಲ್ಲಿಗೇ ತಂದಿಟ್ಟರು.

ಅಂದಿನಿಂದ ದಿನವೂ ಮುಂಜಾನೆ ಹೋದೆ. ಟೈಪಿಂಗಿನ ಜೂನಿಯರ್ ಪರೀಕ್ಷೆಗೆ ಕೂತು ಫೇಲಾದೆ. ನನ್ನ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಅದೇ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದು ನನಗೇ ಪೇಡೆ ಕೊಟ್ಟಳು. ಗೌರವ್ವ ಹೋದ ಮೇಲೆ ಮಾಸ್ತರರು ನಕ್ಕದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಮರುವರ್ಷ ದೀಪಾವಳಿಗೆಂದು ಯಲಬುರ್ಗಾ ಕಡೆಯ ತಮ್ಮ ಹಳ್ಳಿಗೆ ಹೋದವರು ಮರಳಲಿಲ್ಲ. ಮಲಗಿದವರು ಏಳಲಿಲ್ಲವೆಂದು ಅವರ ಅಣ್ಣನ ಮಗ ಕಾರ್ಡು ಬರೆದ. ನಾನು ಪರೀಕ್ಷೆಗೆ ಮತ್ತೆ ಕೂತೆ. ಸೆಕೆಂಡ್ ಕ್ಲಾಸು. ಸರ್ಟಿಫಿಕೇಟು ಕೈಗೆ ಬಂದ ದಿನ ಕಾಲುಗಳು ರೂಢಿಯಿಂದ ಆ ಓಣಿಗೇ ನಡೆದವು. ಕೋಣೆಯ ತುಂಬ ಗೊಬ್ಬರದ ಚೀಲಗಳು ಮಾಳಿಗೆ ಮುಟ್ಟುವಂತೆ ಒಟ್ಟಿದ್ದವು.

"ಏನ್ ಬೇಕ್ರಿ ಸರ, ಯೂರಿಯಾನ?" ಎಂದು ಅಂಗಡಿಯವನು ಕೇಳಿದ.

"ಏನಿಲ್ಲಪ. ಮಾಸ್ತರಿಗೆ ಒಂದು ಕಾಗದ ತೋರಸೋದಿತ್ತು" ಎಂದೆ.