ಒಂದು ಕಂಬಕ್ಕೆ ಎಷ್ಟು ಎಲಿಮೆಂಟು?

ಕಳೆದ ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕುಣಿದೆ. ಕೈಯಲ್ಲಿ ಸೌಟು, ಒಲೆಯ ಪಕ್ಕ ಲ್ಯಾಪ್‌ಟಾಪು. ಐವತ್ತೆರಡರ ಸ್ಟ್ರಕ್ಚರಲ್ ಎಂಜಿನಿಯರ್ ಕುಣಿಯಬಾರದೆಂದು ಯಾವ ಬಿಲ್ಡಿಂಗ್ ಕೋಡಿನಲ್ಲಿ ಬರೆದಿದೆ, ಹೇಳಿ?

ಕಾರಣ, ಗೋಪನಕೊಪ್ಪದ ಗಂಗಕ್ಕನ ಕಟ್ಟಡ. ಮೂರು ಮಹಡಿ, ಅದರಡಿ ಗೋಡೆಗಳೇ ಇಲ್ಲದ ಪಾರ್ಕಿಂಗು. ಅರವತ್ತು ದಾಟಿದ ಗಂಗಕ್ಕನಿಗೆ ಇನ್ನೊಂದು ಮಹಡಿ ಬೇಕು. ಯಾಕೆ? ಹೆಂಗಸರಿಗೆ ಕುಸ್ತಿ ಕಲಿಸಲು! (ಬೋರ್ಡು ಆಗಲೇ ಬರೆಸಿಯಾಗಿದೆ.)

ಭೂಮಿ ನಡುಗಿದರೆ ಕಂಬಗಳು ತಾಳುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ನಾಲ್ಕನೆಯ ಮಹಡಿಯನ್ನೂ ಸೇರಿಸಿ ಕಟ್ಟಡವನ್ನು ಪಕ್ಕಕ್ಕೆ ತಳ್ಳುತ್ತಾ ಹೋದೆ. ಕಾಂಕ್ರೀಟು ಬಿರಿಯಿತು, ಕಬ್ಬಿಣ ಹಿಗ್ಗಿತು. ಆದರೂ ನಿಂತಿತು. ಪಾಸ್!

ಧಾರವಾಡದ ಕಾಲೇಜೊಂದರಲ್ಲಿ ಇದೇ ವಿಷಯ ಕಲಿಸುವ ನನ್ನ ಗಂಡ ಉಪ್ಪಿಟ್ಟಿನಿಂದ ತಲೆಯೆತ್ತಿದರು.

"ಅಲ್ಲಾ, ಒಂದು ಕಂಬಕ್ಕ ಎಷ್ಟು ಎಲಿಮೆಂಟು ಹಾಕೀದಿ?"

"ಒಂದ."

"ಬಾಗೂದನ್ನ ಮೊದಲ ಊಹೆ ಮಾಡೋ ನಮೂನಿದಾ, ಬಲದಿಂದ ಶುರು ಮಾಡೋ ನಮೂನಿದಾ?"

"ಮೊದಲನೇದು. ಪಾಸ್ ಆಗೇತಿ ಅಂದ್ನೆಲ್ಲಾ! ಸುಮ್ನ ತಿನ್ರಿ."

"ತಿಂತೇನಿ. ನೀ ಇನ್ನೊಮ್ಮೆ ನೋಡು."

ಸಿಟ್ಟು ನೆತ್ತಿಗೇರಿತು. ಏರಲು ಕಾರಣ, ಅವರು ಹೇಳಿದ್ದು ಸರಿಯಾಗಿದ್ದದ್ದು.

ಸರಳವಾಗಿ ಹೇಳುತ್ತೇನೆ. ಎಲಿಮೆಂಟೆಂದರೆ, ಲೆಕ್ಕಕ್ಕಾಗಿ ಕಂಪ್ಯೂಟರಿನಲ್ಲಿ ಕಂಬವನ್ನು ವಿಂಗಡಿಸಿಕೊಳ್ಳುವ ತುಂಡು. ಕಂಬ ಸೋಲುವಾಗ ಅದರ ಬಾಗುವಿಕೆಯೆಲ್ಲ ತುದಿಗಳಲ್ಲಿ ಗುಂಪುಗೂಡುತ್ತದೆ. ನಾನು ಆರಿಸಿದ ಎಲಿಮೆಂಟಾದರೋ, ಕಂಬ ಹೀಗೇ ಬಾಗುತ್ತದೆ ಎಂದು ಮೊದಲೇ ತೀರ್ಮಾನಿಸಿಕೊಂಡಿರುತ್ತದೆ. ಇಡೀ ಕಂಬಕ್ಕೆ ಅಂಥದ್ದೊಂದನ್ನೇ ಹಾಕಿದರೆ ತುದಿಯ ಸೋಲು ಅದಕ್ಕೆ ಸರಿಯಾಗಿ ಕಾಣದು. ಇರುವುದಕ್ಕಿಂತ ಗಟ್ಟಿ ಎಂದು ಸರ್ಟಿಫಿಕೇಟು ಕೊಟ್ಟುಬಿಡುತ್ತದೆ! ಅದನ್ನು ಸಣ್ಣ ಸಣ್ಣ ತುಂಡು ಮಾಡಬೇಕು. ಬಲದ ಹಂಚಿಕೆಯಿಂದ ಶುರು ಮಾಡುವ ಇನ್ನೊಂದು ಜಾತಿಗೆ ಕಂಬಕ್ಕೊಂದೇ ಸಾಕು.

ತುಂಡು ಮಾಡಿದೆ. ಮತ್ತೆ ತಳ್ಳಿದೆ. ಪಾರ್ಕಿಂಗಿನ ಕಂಬಗಳು ಕೈಚೆಲ್ಲಿದವು. ಇನ್ನೊಂದು ಜಾತಿಯಲ್ಲೂ ನೋಡಿದೆ. ಅದೇ ಉತ್ತರ. ಇರುವ ಮೂರು ಮಹಡಿಗೆ ಭಯವಿರಲಿಲ್ಲ. ನಾಲ್ಕನೆಯದು ಬಂದರೆ ಇತ್ತು. ಸಹಿ ಹಾಕಿಬಿಟ್ಟಿದ್ದರೆ?

ಸೋಮವಾರ ಗಂಗಕ್ಕನ ಮುಂದೆ ಕೂತೆ.

"ಅಕ್ಕಾರ, ಈಗ ಮ್ಯಾಲೆ ಕಟ್ಟಾಕ ಬರೂದಿಲ್ರಿ. ಮೊದಲ ಕೆಳಗಿನ ಕಂಬದ ಸುತ್ತ ಹೊಸಾ ಕಬ್ಬಿಣ, ಕಾಂಕ್ರೀಟು ಹಾಕಿ ದಪ್ಪ ಮಾಡಬೇಕ್ರಿ."

ಆಕೆ ಬೋರ್ಡಿನ ಕಡೆ ನೋಡಿದರು. ಬೈಗುಳಕ್ಕೆ ನಾನು ತಯಾರಾದೆ.

"ನಾ ಹೆಣ್ಮಕ್ಕಳಿಗೆ ಬೀಳೂದನ್ನ ಕಲಸಾಕ ಹೊಂಟೇನವಾ," ಎಂದರು, "ಮನಿಗೆ ಅಲ್ಲ! ಮಾಡ್ರಿ ದಪ್ಪ. ಅಲ್ಲೀತನಕಾ ಉಣಕಲ್ ಬಯಲಾಗ ಆಡಸ್ತೇನಿ. ಮೊದಲನೇ ದಿನ ನೀನೂ ಬರಬೇಕ ಮತ್ತ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗುರುವಾರ ಹೋದೆ. ಗಂಗಕ್ಕ ನನ್ನನ್ನು ಎರಡು ಸಲ ಮಣ್ಣಿಗೆ ಹಾಕಿದರು. ಬೆನ್ನಿನ ನೋವಿನ ಜೊತೆಗೇ ಇದನ್ನು ಬರೆಯುತ್ತಿದ್ದೇನೆ, ಯಾಕೋ ನಗು ಮಾತ್ರ ನಿಲ್ಲುತ್ತಿಲ್ಲ.

ಫೇಲ್ ಎಂದು ಬಂದರೆ ಹತ್ತು ಸಲ ತಿರುಗಿಸಿ ನೋಡುವ ನಾವು, ಪಾಸ್ ಎಂದು ಬಂದದ್ದನ್ನು ಒಂದು ಸಲವಾದರೂ ತಿರುಗಿಸಿ ನೋಡುತ್ತೇವೆಯೇ?