ತಲೆ ಬೋಳಿಸಿಕೊಂಡ ಶಾಸಕರು

ನಮ್ಮ ಶಾಸಕ ಮೋಹನ್ ಕುಮಾರ್ ಅವರ ಬಗ್ಗೆ ಒಂದು ಮಾತು ಧಾರಾಳವಾಗಿ ಹೇಳಬಹುದು: ಅವರು ಯಾರ ಸಾವನ್ನೂ ತಪ್ಪಿಸುವುದಿಲ್ಲ. ಯಾವ ಅರ್ಥದಲ್ಲಿ ತಗೊಂಡರೂ ಸರಿಯೇ.

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ಮನುಷ್ಯ. ಅಲ್ಲಿ ಕಲಿತದ್ದು ರೈತನ ಹೆಗಲ ಮೇಲೆ ಕೈ ಹಾಕಿ ಮಾತಾಡುವುದು. ಆ ಒಂದು ವಿದ್ಯೆಯಿಂದಲೇ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ದಾಟಿ ವಿಧಾನಸೌಧ ಹತ್ತಿದರು. ಮೂರು ಪಕ್ಷ ಬದಲಾಯಿಸಿದರು. ಪ್ರತಿ ಸಲವೂ "ಕ್ಷೇತ್ರದ ಅಭಿವೃದ್ಧಿಗಾಗಿ" ಎಂದರು. ಅಭಿವೃದ್ಧಿಯಾದದ್ದು ಅವರ ತೋಟ. ಸದನದಲ್ಲಿ ಬಾಯಿ ತೆರೆಯುವುದು ಆಕಳಿಸುವಾಗ ಮಾತ್ರ ಎಂದು ಊರಲ್ಲಿ ನಗುತ್ತಾರೆ. ಹೆಣದ ಮುಂದೆ ಮಾತ್ರ ಅವರಂತೆ ಮಾತಾಡುವವರಿಲ್ಲ. ಕಣ್ಣೊರೆಸಿಕೊಂಡು, "ನಾನು ಶಾಸಕ ಅಲ್ಲ ಕಣವ್ವ, ನಿಮ್ಮ ಮನೆ ಮಗ" ಅನ್ನುತ್ತಾರೆ.

ನಮ್ಮ ಪಕ್ಕದ ಮನೆ ಮಾಯಣ್ಣನಿಗೆ ತೋಟದಲ್ಲಿ ಬಿದ್ದ ಕಾಯಿ ಆಯುವಾಗ ಹಾವು ಕಚ್ಚಿತು. ಊರಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಡಾಕ್ಟರಿಲ್ಲ. "ಬರೋ ಸೋಮವಾರ ಡಾಕ್ಟ್ರು ಬತ್ತಾರೆ" ಎಂದು ಶಾಸಕರು ಹೇಳಿ ಹೇಳಿ ಸೋಮವಾರಗಳೇ ಸವೆದುಹೋಗಿದ್ದವು. ತಿಪಟೂರು ಮುಟ್ಟುವ ಮೊದಲೇ ಗೂಡ್ಸ್ ಆಟೋದಲ್ಲಿ ಮಾಯಣ್ಣನ ಪ್ರಾಣ ಹೋಯಿತು.

ತಿಥಿಯ ದಿನ ಶಾಸಕರು ಬಂದರು. ಮಾಯಣ್ಣನಿಗೆ ಗಂಡುಮಕ್ಕಳಿಲ್ಲ, ತಮ್ಮನ ಮಗ ರವೀಂದ್ರ ತಲೆ ಬೋಳಿಸಿಕೊಳ್ಳಲು ಕೂತಿದ್ದ. ಶಾಸಕರು ವಾಡಿಕೆಯಂತೆ "ಮನೆ ಮಗ" ಅಂದರು. ಮಾಯಣ್ಣನ ಹೆಂಡತಿ ಬೋರಮ್ಮ ದಡಕ್ಕನೆ ಎದ್ದಳು.

"ಮಗ ಅಂತೀಯಲ್ಲಪ್ಪ, ಹಂಗಾದ್ರೆ ರವಿ ಪಕ್ಕ ಕೂತ್ಕ, ತಲೆ ಬೋಳಿಸ್ಕ. ಆಗಲ್ಲ ಅಂದ್ರೆ ಆಸ್ಪತ್ರೆಗೆ ಡಾಕ್ಟ್ರನ್ನ ಕಳಿಸು, ಸಾಕು."

ಸರಿಯಾಗಿ ಸಿಕ್ಕಿಬಿದ್ದ ಅಂತ ನನಗೆ ಒಳಗೊಳಗೇ ಖುಷಿ. ಶಾಸಕರು ಸುತ್ತ ಒಮ್ಮೆ ನೋಡಿದರು. ಎಲ್ಲರ ಕೈಯಲ್ಲೂ ಮೊಬೈಲು. ಶರ್ಟು ಬಿಚ್ಚಿ ಕೂತೇಬಿಟ್ಟರು! ಮೀಸೆಯನ್ನೂ ಉಳಿಸಿಕೊಳ್ಳಲಿಲ್ಲ.

ಸಂಜೆಯೊಳಗೆ ಆ ವಿಡಿಯೋ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲ ಸುತ್ತಿತು. ಇಂಥವರು ಸಿಕ್ಕಿದ್ದು ಯಾವ ಜನ್ಮದ ಪುಣ್ಯವೋ ಎಂದು ಹೆಂಗಸರು ಕಣ್ಣೀರು ಹಾಕಿದರು. ಬೋರಮ್ಮ ಆಡಿದ ಡಾಕ್ಟರ ಮಾತು ಅದರಲ್ಲಿ ಇರಲಿಲ್ಲ, ಶಾಸಕರ ಕಡೆಯವರು ಕತ್ತರಿಸಿದ್ದರು. ಚುನಾವಣೆ ಬಂದಾಗ ಊರೂರಿಗೆ ಬೋಳುತಲೆಯ ಫ್ಲೆಕ್ಸು ಕಟ್ಟಿದರು, ಹಿಂದೆಂದೂ ಇಲ್ಲದ ಅಂತರದಲ್ಲಿ ಗೆದ್ದರು. ಅವರನ್ನು ನೆನೆದರೂ ಹೇಸಿಗೆ, ಓಟು ಒತ್ತಿದ ನಮ್ಮೂರನ್ನು ನೆನೆದರೂ ಹೇಸಿಗೆ.

ಗೆದ್ದ ಮೇಲೆ ಬೋರಮ್ಮ ನನ್ನನ್ನೂ ಕರಕೊಂಡು ಅವರ ಮನೆಗೆ ಹೋದಳು. ಮತ್ತೆ ಡಾಕ್ಟರ ಮಾತು ತೆಗೆದಳು. ಶಾಸಕರು ಹೊಸದಾಗಿ ಬೆಳೆದ ಕೂದಲು ಸವರಿಕೊಂಡು, "ಅವ್ವಾ, ನಿಂಗೋಸ್ಕರ ತಲೇನೇ ಕೊಟ್ಟಿದೀನಿ. ಇನ್ನೇನ್ ಕೊಡ್ಲಿ?" ಅಂದರು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಥೂ!

ಈಗ ಬೋರಮ್ಮ ಎದೆನೋವು ಅಂತ ಹಾಸಿಗೆ ಹಿಡಿದಿದ್ದಾಳೆ. ಆಸ್ಪತ್ರೆಗೆ ಬೀಗ. ನಿನ್ನೆ ಅವಳ ಪಕ್ಕ ಕೂತಿದ್ದಾಗ ಶಾಸಕರ ಪಿ.ಎ. ನನಗೆ ಫೋನ್ ಮಾಡಿ, "ಅಜ್ಜಿ ಹೆಂಗವ್ರೆ? ಸಾಹೇಬ್ರು ಕೇಳ್ತಾವ್ರೆ" ಅಂದ. ಬೋರಮ್ಮನಿಗೆ ಹೇಳಿದೆ.

"ಇನ್ನೂ ಸತ್ತಿಲ್ಲ ಅನ್ನವ್ವ," ಅಂದಳು. "ಹಾರ ತಗಂಡು ಬಂದ್ಬುಟ್ಟಾನು."